ಊರಿಂದ ಅಪ್ಪ ಅಮ್ಮ ಬಂದಾಗ: ಎರಡು ರೂಮಿನ ಮನೆಗೊಂದು ಕೈಪಿಡಿ

ಮದುವೆಯಾದ ಹೊಸದರಲ್ಲಿ ನಮ್ಮವ್ವ ಮೊದಲ ಸಲ ಮನೆಗೆ ಬರ್ತಾಳೆ ಅಂತ ನಾನೂ ನನ್ನ ಹೆಂಡತಿಯೂ ಎರಡು ದಿನ ರಜೆ ಹಾಕಿ ಮನೆ ತೊಳೆದಿದ್ದೆವು. ಹೊಸ ಬೆಡ್‌ಶೀಟು, ಹೊಸ ಪರದೆ, ಗಾಜಿನ ಲೋಟ. ಅವ್ವ ಬಂದವಳು ಸೋಫಾದ ತುದಿಗೆ ಕೂತಳು. ಕಾಫಿ ಕೊಟ್ಟರೆ ಕುಡಿದಳು, ಬಡಿಸಿದರೆ ಉಂಡಳು. ಲೋಟ ತೊಳೆಯಲು ಎದ್ದರೆ ನಾವು ‘ನೀನು ಕೂತ್ಕೊ’ ಅಂದೆವು. ಮೂರನೇ ದಿನಕ್ಕೆ ‘ಎಮ್ಮೆ ಒಂದೇ ಐತೆ ಕಣ್ ಮಗ’ ಅಂತ ಹೊರಟೇಬಿಟ್ಟಳು. ಎಮ್ಮೆ ಒಂದೇ ಏನಿರಲಿಲ್ಲ. ಅಪ್ಪ ಜೊತೆಗಿದ್ದ.

ನಾನು ಮದ್ದೂರು ಕಡೆಯವನು, ಅವಳು ಸಾಗರದ ಕಡೆಯವಳು. ಈ ಒಂಬತ್ತು ವರ್ಷದಲ್ಲಿ ಎರಡೂ ಕಡೆಯ ಹಿರಿಯರು ಬೆಂಗಳೂರಿನ ನಮ್ಮ ಎರಡು ರೂಮಿನ ಬಾಡಿಗೆ ಮನೆಗೆ ಎಷ್ಟೋ ಸಲ ಬಂದು ಹೋಗಿದ್ದಾರೆ. ಕೆಲವು ಸಲ ಚೆನ್ನಾಗಿ ನಡೆದಿದೆ. ಕೆಲವು ಸಲ ಎಲ್ಲರೂ ಮುಖ ಊದಿಸಿಕೊಂಡು ಮುಗಿದಿದೆ. ಅದರಿಂದ ಕಲಿತದ್ದು ಇಷ್ಟು. ಬಂದವರನ್ನು ಅತಿಥಿ ಮಾಡಿ ಕೂರಿಸಿದರೆ ಅವರಿಗೂ ಕಷ್ಟ, ನಿಮಗೂ ಕಷ್ಟ. ಅವರಿಗೊಂದು ಮೂಲೆ ಬೇಕು, ಮಾಡೋಕೊಂದು ಕೆಲಸ ಬೇಕು. ನಿಮಗಿಬ್ಬರಿಗೆ ದಿನಕ್ಕೆ ಅರ್ಧ ಗಂಟೆ ಬೇಕು.

1. ಹೋಗುವ ತಾರೀಖು ಮೊದಲೇ ಗೊತ್ತಾಗಲಿ

‘ಯಾವಾಗ ಹೋಗ್ತೀರಾ?’ ಅಂತ ನಮ್ಮಲ್ಲಿ ಕೇಳೋ ಹಾಗಿಲ್ಲ. ಕೇಳಿದರೆ ಹತ್ತು ವರ್ಷ ಆ ಮಾತು ತಿರುಗಿ ಬರುತ್ತದೆ. ಆದರೆ ತಾರೀಖು ಗೊತ್ತಿಲ್ಲದಿದ್ದರೆ ರಜೆ, ಅಡುಗೆ, ದಿನಸಿ ಯಾವುದೂ ಲೆಕ್ಕಕ್ಕೆ ಸಿಗುವುದಿಲ್ಲ.

ನಾನು ಕಂಡುಕೊಂಡ ದಾರಿ, ಊರಿನ ಕೆಲಸ ವಿಚಾರಿಸುವುದು. ‘ಕೊನೆಕೊಯ್ಲು ಯಾವಾಗ ಶುರು ಮಾವ?’ ಅಂತ ಕೇಳಿದರೆ ಸಾಕು. ಮಾವ ತಾವೇ ಬೆರಳು ಮಡಚಿ ಎಣಿಸಿ ‘ಹಾಗಾದ್ರೆ ಇಂಥಾ ದಿನ ನಾವು ಮನೇಲಿರಬೇಕು’ ಅನ್ನುತ್ತಾರೆ. ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸುವ ತಿಂಗಳುಗಳಲ್ಲಿ ಸಾಗರದ ಕಡೆಯವರನ್ನು ಕರೆಯುವುದೇ ತಪ್ಪು. ನಮ್ಮಪ್ಪನದು ಇನ್ನೂ ಸುಲಭ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರು ಅಂದರೆ ಯಾರು ಕರೆದರೂ ಅಲುಗಾಡುವುದಿಲ್ಲ. ತಾರೀಖು ಬಾಯಿಗೆ ಬಂದ ತಕ್ಷಣ ಹೋಗುವ ಟಿಕೆಟ್, ಬರುವ ಟಿಕೆಟ್ ಎರಡನ್ನೂ ಒಟ್ಟಿಗೆ ಮಾಡಿಸಿಬಿಡಿ.

ಎಷ್ಟು ದಿನ? ನನ್ನ ಲೆಕ್ಕದಲ್ಲಿ ಒಂದು ವಾರ. ಮೂರು ದಿನ ಅಂದರೆ ಬಂದ ಸುಸ್ತು ಇಳಿಯುವಷ್ಟರಲ್ಲಿ ಬ್ಯಾಗು ಕಟ್ಟಬೇಕು. ಎರಡು ವಾರ ದಾಟಿದರೆ ಅವರಿಗೇ ಊರಿನ ಕಡೆ ಎಳೆಯಲು ಶುರುವಾಗುತ್ತದೆ, ಹೇಳುವುದಿಲ್ಲ ಅಷ್ಟೇ.

ಇನ್ನೊಂದು ಮಾತು. ಎರಡೂ ಕಡೆಯ ಬೀಗರನ್ನು ಒಟ್ಟಿಗೆ ಕರೆಯಬೇಡಿ. ನಾವು ಒಂದು ಸಲ ಕರೆದಿದ್ದೆವು. ನಾಲ್ಕು ದಿನ ನಾಲ್ಕು ಜನ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟು ಸುಸ್ತಾದರು. ಕೊನೆಯ ಇಡ್ಲಿ ಯಾರೂ ಮುಟ್ಟದೆ ದಿನಾ ತಟ್ಟೆಯಲ್ಲೇ ಒಣಗುತ್ತಿತ್ತು.

2. ಟಿಕೆಟ್ ನೀವೇ ಮಾಡಿಸಿ

ಸಾಗರದ ಕಡೆಯಿಂದ ಬರುವವರಿಗೆ ತಾಳಗುಪ್ಪ–ಮೈಸೂರು ರಾತ್ರಿ ರೈಲು ಅನುಕೂಲ. ಹುಡುಕುವಾಗ ನಿಲ್ದಾಣದ ಹೆಸರು ‘ಸಾಗರ ಜಂಬಗಾರು’ ಅಂತ ಇರುತ್ತದೆ, ಗಾಬರಿಯಾಗಬೇಡಿ. 2024ರ ನವೆಂಬರ್‌ನಿಂದ ರೈಲು ಟಿಕೆಟ್ 60 ದಿನ ಮುಂಚೆಯಷ್ಟೇ ಸಿಗುತ್ತದೆ. ಮೊದಲಿದ್ದ 120 ದಿನದ ಅಭ್ಯಾಸ ಬಿಡಬೇಕು. ಹಿರಿಯರಿಗಿದ್ದ ದರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ಆದರೆ ಕೆಳಗಿನ ಬರ್ತ್ ಕೋಟಾ ಇದೆ: ಗಂಡಸರಿಗೆ 60 ವರ್ಷ, ಹೆಂಗಸರಿಗೆ 45 ವರ್ಷ ದಾಟಿರಬೇಕು. ಇದರಲ್ಲೊಂದು ಕಿವಿಮಾತು. ಒಂದು ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರು ಮಾತ್ರ ಇದ್ದರೆ ಈ ಕೋಟಾ ಸಿಗುತ್ತದೆ. ಅಪ್ಪ ಅಮ್ಮನ ಜೊತೆ ತಮ್ಮನನ್ನೂ ಅದೇ ಟಿಕೆಟ್ಟಿಗೆ ಸೇರಿಸಲು ಹೋಗಬೇಡಿ. ಹಾಗೆ ಮಾಡಿ ನಮ್ಮತ್ತೆ ಒಮ್ಮೆ ಮೇಲಿನ ಬರ್ತ್ ನೋಡಿ, ರಾತ್ರಿಯಿಡೀ ಕೆಳಗೆ ಯಾರದೋ ಕಾಲಬದಿಯಲ್ಲಿ ಕೂತು ಬಂದರು.

ಬಸ್ಸಾದರೆ, 60 ದಾಟಿದವರಿಗೆ ಕೆಎಸ್ಆರ್‌ಟಿಸಿಯಲ್ಲಿ ಟಿಕೆಟ್ ದರದ ಮೇಲೆ ಶೇಕಡಾ 25 ರಿಯಾಯಿತಿ ಇದೆ. ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ದುಡ್ಡು ಕೊಡಬೇಕಿಲ್ಲ. ರಾಜಹಂಸ, ಎಸಿ, ಸ್ಲೀಪರ್‌ಗೆ ಇದು ನಡೆಯುವುದಿಲ್ಲ. ಶಕ್ತಿ ಬಂದ ಮೇಲೆ ನಮ್ಮವ್ವನ ಕಾಲು ನಿಂತಿಲ್ಲ. ಮದ್ದೂರಿಂದ ಇಲ್ಲಿಗೆ ಸುಮಾರು 80 ಕಿಲೋಮೀಟರ್. ಬೆಳಗ್ಗೆ ಹಾಲು ಕರೆದು ಬಸ್ಸು ಹತ್ತಿ, ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದ ಮೇಲೆ ಫೋನ್ ಮಾಡುತ್ತಾಳೆ. ಮೊದಲನೇ ಹೆಜ್ಜೆಯಲ್ಲಿ ನಾನು ಹೇಳಿದ್ದು ಯಾವುದೂ ಅವಳಿಗೆ ಅನ್ವಯಿಸುವುದಿಲ್ಲ.

3. ಮನೆಯೆಲ್ಲ ತೊಳೆಯಬೇಡಿ, ಮೂರು ಜಾಗ ನೋಡಿ

ಮೊದಲನೆಯದು ಬಚ್ಚಲು. ವಯಸ್ಸಾದವರು ಜಾರಿ ಬೀಳುವುದು ಇಲ್ಲೇ. ಒಂದು ರಬ್ಬರ್ ಮ್ಯಾಟು, ಗಟ್ಟಿಯಾದ ಒಂದು ಪ್ಲಾಸ್ಟಿಕ್ ಸ್ಟೂಲು, ದೊಡ್ಡ ಬಕೆಟ್ಟು, ಚೊಂಬು. ಶವರ್ ಇದ್ದರೂ ಅವರು ಚೊಂಬಿನಲ್ಲೇ ಸ್ನಾನ ಮಾಡುವುದು. ಗೀಸರಿನ ಬಿಸಿನೀರು ಯಾವ ಕಡೆ ತಿರುಗಿಸಿದರೆ ಬರುತ್ತದೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಒಂದು ಸಲ ತಿರುಗಿಸಿ ತೋರಿಸಿ, ಆಮೇಲೆ ಅವರ ಕೈಯಿಂದ ತಿರುಗಿಸಿ ನೋಡಿ. ರೂಮಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಒಂದು ಚಿಕ್ಕ ದೀಪ ಉರಿಯಲಿ.

ಎರಡನೆಯದು ಹಾಸಿಗೆ. ನಮ್ಮ ರೂಮು ಬಿಟ್ಟುಕೊಟ್ಟು ನಾವು ಹಾಲಿನಲ್ಲಿ ಮಲಗಬೇಕಾ ಅಂತ ನಾವಿಬ್ಬರೂ ಬಹಳ ವಾದ ಮಾಡಿದ್ದೇವೆ. ನನ್ನ ತೀರ್ಮಾನ, ಬೇಡ. ಬಿಟ್ಟುಕೊಟ್ಟರೆ ಅವರಿಗೆ ಮುಜುಗರ, ಬೆಳಗ್ಗೆ ನಿಮ್ಮ ಆಫೀಸಿನ ಬಟ್ಟೆ ತೆಗೆಯಲು ಬಾಗಿಲು ತಟ್ಟುವ ಕರ್ಮ ಬೇರೆ. ಚಿಕ್ಕ ರೂಮೇ ಸಾಕು, ಆದರೆ ಅದು ಪೂರ್ತಿ ಅವರದಾಗಿರಲಿ. ಇಸ್ತ್ರಿ ಟೇಬಲ್ಲು, ಹಳೇ ಟ್ರಾಲಿ ಬ್ಯಾಗು, ನೀವು ಮೂರು ತಿಂಗಳಿಂದ ಓಡದ ಟ್ರೆಡ್‌ಮಿಲ್ಲು, ಎಲ್ಲವನ್ನೂ ನಿಮ್ಮ ರೂಮಿಗೆ ಎಳೆದುಕೊಳ್ಳಿ. ಮೆತ್ತನೆ ಫೋಮ್ ಹಾಸಿಗೆಯಲ್ಲಿ ಅವರಿಗೆ ನಿದ್ದೆ ಬರುವುದಿಲ್ಲ. ಹತ್ತಿ ಹಾಸಿಗೆ ಒಂದಿರಲಿ. ಒಂದೇ ಕೋಣೆಯ ಮನೆಯಾದರೆ ಬೇರೆ ಮಾತು, ಆಗ ಹಾಲಿನಲ್ಲಿ ಮಲಗುವವರು ನೀವೇ.

ಮೂರನೆಯದು ಒಂದು ಖಾಲಿ ಶೆಲ್ಫು, ಬಗ್ಗದೆ ಏಣಿ ಹತ್ತದೆ ಕೈಗೆ ಸಿಗುವ ಎತ್ತರದಲ್ಲಿ. ಮಾತ್ರೆ ಡಬ್ಬಿ, ಕನ್ನಡಕ, ಎಲೆ ಅಡಿಕೆ ಚೀಲ ಎಲ್ಲ ಅಲ್ಲಿಗೆ. ಈ ಶೆಲ್ಫು ಕೊಟ್ಟ ಸಲ ನಮ್ಮತ್ತೆ ಮೊದಲ ಬಾರಿಗೆ ಸೂಟ್‌ಕೇಸಿನಿಂದ ಸೀರೆಗಳನ್ನು ಹೊರಗೆ ತೆಗೆದಿಟ್ಟರು. ಅದಕ್ಕೂ ಮುಂಚೆ ದಿನಾ ಒಂದು ಸೀರೆ ತೆಗೆದು ಮತ್ತೆ ಜಿಪ್ ಹಾಕುತ್ತಿದ್ದರು.

ಬಾಗಿಲ ಬಗ್ಗೆ ಮರೆಯಬೇಡಿ. ತಾನೇ ಬೀಗ ಬೀಳುವ ಬಾಗಿಲು ನಿಮ್ಮದಾದರೆ ಒಂದು ಕೀಲಿ ಅವರ ಕೈಗೆ ಕೊಡಿ. ಮಾವ ಒಮ್ಮೆ ಪೇಪರ್ ತರಲು ಹೊರಗೆ ಕಾಲಿಟ್ಟರು, ಬಾಗಿಲು ಮುಚ್ಚಿಕೊಂಡಿತು. ಬರೀ ಪಂಚೆ ಬನಿಯನ್ನಿನಲ್ಲಿ ಒಂದೂವರೆ ಗಂಟೆ ಮೆಟ್ಟಿಲ ಮೇಲೆ ಕೂತಿದ್ದರು. ಆ ಒಂದೂವರೆ ಗಂಟೆಯಲ್ಲಿ, ನಮಗೆ ಐದು ವರ್ಷದಲ್ಲಿ ಪರಿಚಯವಾಗದ ಪಕ್ಕದ ಮೂರು ಮನೆಯವರು ಅವರಿಗೆ ಪರಿಚಯವಾದರು ಅನ್ನುವುದು ಬೇರೆ ವಿಷಯ. ಮನೆ ನಂಬರು, ರಸ್ತೆ, ನಿಮ್ಮಿಬ್ಬರ ಫೋನ್ ನಂಬರು ಬರೆದ ಚೀಟಿ ಅವರ ಜೇಬಿನಲ್ಲಿ, ಪರ್ಸಿನಲ್ಲಿ ಇರಲಿ.

4. ಅಡುಗೆಮನೆ: ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ

ದಿನ ಚೆನ್ನಾಗಿ ಹೋಗುತ್ತದೋ ಇಲ್ಲವೋ ಅನ್ನುವುದು ಬೆಳಗಿನ ಕಾಫಿಯಲ್ಲೇ ಗೊತ್ತಾಗುತ್ತದೆ. ಹಿರಿಯರು ಐದು ಗಂಟೆಗೇ ಏಳುತ್ತಾರೆ, ನೀವು ಏಳಲ್ಲ. ಅದಕ್ಕೆ ರಾತ್ರಿಯೇ ಡಿಕಾಕ್ಷನ್ ಇಳಿಸಿಡಿ. ನಾಲ್ಕು ಜನರಿಗೆ ಮೂರು ದೊಡ್ಡ ಚಮಚ ತುಂಬ ಪುಡಿ ಫಿಲ್ಟರಿಗೆ ಹಾಕಿ, ಮೆಲ್ಲಗೆ ಒತ್ತಿ, ಕುದಿ ಇಳಿದ ಬಿಸಿನೀರು ಸುತ್ತಲೂ ಹಾಕಿ ಮುಚ್ಚಿಡುವುದು. ಗಟ್ಟಿಯಾಗಿ ಒತ್ತಿದರೆ ಬೆಳಗಾದರೂ ಒಂದು ಹನಿ ಇಳಿಯುವುದಿಲ್ಲ. ಮೊದಲ ಡಿಕಾಕ್ಷನ್ ಮಾವನಿಗೆ, ಸಕ್ಕರೆ ಇಲ್ಲದೆ. ಎರಡನೆಯದು ಅವ್ವನಿಗೆ, ಸಕ್ಕರೆ ಜಾಸ್ತಿ. ಅವರವರ ಭಾಷೆಯೂ ತಿಳಿದಿರಬೇಕು. ಮಾವ ‘ಅಡ್ಡಿಲ್ಲ’ ಅಂದರೆ ಕಾಫಿ ಬಹಳ ಚೆನ್ನಾಗಿದೆ ಅಂತ ಅರ್ಥ. ಅದಕ್ಕಿಂತ ಹೆಚ್ಚು ಹೊಗಳಿಕೆ ಅವರ ಬಾಯಿಂದ ನಾನು ಕೇಳಿಲ್ಲ. ಅವ್ವ ‘ಏನೂ ಬ್ಯಾಡ ಕಣ್ ಮಗ’ ಅಂದರೆ ಇನ್ನರ್ಧ ಲೋಟ ತಾ ಅಂತ ಅರ್ಥ.

ಊಟಕ್ಕೆ ನಮ್ಮ ನಿಯಮ ಒಂದೇ. ದಿನಕ್ಕೊಂದು ಹೊತ್ತು ಬಂದವರ ಕಡೆಯ ಅಡುಗೆ, ಇನ್ನೊಂದು ಹೊತ್ತು ನಾವು ದಿನಾ ತಿನ್ನುವುದೇ. ಹಬ್ಬದ ಅಡುಗೆ ಏಳು ದಿನ ಮಾಡಿದರೆ ಮಾಡುವವರ ಸೊಂಟ, ತಿನ್ನುವವರ ಹೊಟ್ಟೆ ಎರಡೂ ಹೋಗುತ್ತವೆ.

ಅವ್ವ ಬಂದರೆ ಹಿಟ್ಟು. ಮುದ್ದೆಗೆ ನಮ್ಮ ಕಡೆ ಹಿಟ್ಟು ಅಂತಲೇ ಹೇಳುವುದು. ಸಾಗರದ ಹೆಂಡತಿ ಇದನ್ನು ಕಲಿಯಲು ಒಂದು ವರ್ಷ ಹಿಡಿಯಿತು. ನಾನು ಕಲಿಯಲು ಎರಡು ವರ್ಷ. ಅಳತೆ ಹೀಗೆ: ಒಂದು ಲೋಟ ರಾಗಿ ಹಿಟ್ಟಿಗೆ ಎರಡು ಲೋಟ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ, ಕಾಯುವ ನೀರಿಗೆ ಹಾಕಿ. ನೀರು ಮರಳಲು ಶುರುವಾದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಮಧ್ಯೆ ಒಂದು ತೂತು ಮಾಡಿ. ಈಗ ಕೈ ಸುಮ್ನೆ ಇಟ್ಟುಕೊಳ್ಳಬೇಕು. ಸಣ್ಣ ಉರಿಯಲ್ಲಿ ಐದು ನಿಮಿಷ ಹಾಗೇ ಬೇಯಲಿ. ಎಲ್ಲರೂ ತಪ್ಪುವುದು ಇಲ್ಲೇ, ತಡೆಯಲಾರದೆ ಮೊದಲೇ ತಿರುವಿಬಿಡುತ್ತಾರೆ, ಗಂಟಾಗುತ್ತದೆ. ಆಮೇಲೆ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು ಕೋಲಿನಲ್ಲಿ ಚೆನ್ನಾಗಿ ತಿರುವಿ, ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ ಎರಡು ನಿಮಿಷ ಬಿಟ್ಟು, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ. ಜೊತೆಗೆ ಬಸ್ಸಾರು ಇದ್ದರೆ ಬೇರೇನೂ ಬೇಡ.

ಅತ್ತೆ ಮಾವ ಬಂದರೆ ತಂಬುಳಿ. ಬಾಲ್ಕನಿಯ ಕುಂಡದಲ್ಲಿ ಒಂದು ದೊಡ್ಡಪತ್ರೆ ಗಿಡ ಇಟ್ಟುಕೊಳ್ಳಿ, ಕಡ್ಡಿ ಚುಚ್ಚಿದರೆ ಸಾಕು ಬರುತ್ತದೆ. ಹತ್ತು ಹನ್ನೆರಡು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಣಸನ್ನು ತುಪ್ಪದಲ್ಲಿ ಎಲೆ ಬಾಡುವವರೆಗೆ ಹುರಿದು, ಒಂದು ಹಿಡಿ ತೆಂಗಿನ ತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಕಲಸಿ. ಉಪ್ಪು, ಸಾಸಿವೆ ಒಗ್ಗರಣೆ. ಕುದಿಸಬೇಡಿ. ತಂಬುಳಿಯನ್ನು ನಾನೊಮ್ಮೆ ಸಾರಿನ ಹಾಗೆ ಒಲೆಯ ಮೇಲಿಟ್ಟು ಬಿಸಿ ಮಾಡಿದ್ದೆ. ಒಡೆದು ನೀರಾಯಿತು. ಅತ್ತೆ ಏನೂ ಅನ್ನಲಿಲ್ಲ, ಆದರೆ ಮರುದಿನದಿಂದ ತಂಬುಳಿ ಅವರೇ ಮಾಡಿದರು.

ಬಾಡಿನ ವಿಷಯ. ನಮ್ಮ ಕಡೆ ಭಾನುವಾರ ಬಾಡಿಲ್ಲದೆ ಹೊತ್ತು ಹೋಗದು. ಅತ್ತೆ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಅವರಿರುವ ವಾರ ನಮ್ಮ ಒಲೆಯ ಮೇಲೆ ಅದು ಏರುವುದಿಲ್ಲ. ನಾನು ಭಾನುವಾರ ‘ಸ್ವಲ್ಪ ಕೆಲಸ ಇದೆ’ ಅಂತ ಮಿಲಿಟರಿ ಹೋಟೆಲಿಗೆ ಹೋಗಿ ಬರುತ್ತೇನೆ. ಕಳೆದ ಸಲ ಮಾವನೇ ಪೇಪರಿನಿಂದ ತಲೆ ಎತ್ತದೆ ‘ಇವತ್ತು ಭಾನುವಾರ, ನಿಮಗೆ ಕೆಲಸ ಇರಬೇಕಲ್ಲ’ ಅಂದರು.

5. ಕೆಲಸ ಕೊಡಿ

ಇದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಊರಲ್ಲಿ ಬೆಳಗಿಂದ ಸಂಜೆವರೆಗೆ ದುಡಿದವರನ್ನು ಟಿವಿ ಮುಂದೆ ಕೂರಿಸುವುದು ಶಿಕ್ಷೆ. ಆದರೆ ಪಾತ್ರೆ, ನೆಲ ಒರೆಸುವುದು ಅಂಥ ಕೆಲಸ ಬೇಡ, ಅದು ಚಾಕರಿಯಾಗುತ್ತದೆ. ಅವರ ಕೈ ನಿಮ್ಮ ಕೈಗಿಂತ ಪಳಗಿರುವ ಕೆಲಸ ಹುಡುಕಿ.

ಡಿಸೆಂಬರ್, ಜನವರಿಯಲ್ಲಿ ಅವ್ವ ಬಂದರೆ ನಾಲ್ಕು ಕೆಜಿ ಸೊಗಡವರೆ ತಂದು ಮುಂದೆ ಸುರಿಯುತ್ತೇವೆ. ಸುಲಿಯುವುದು, ರಾತ್ರಿ ನೆನೆಹಾಕುವುದು, ಬೆಳಗ್ಗೆ ಎರಡು ಬೆರಳಲ್ಲಿ ಹಿತುಕುವುದು. ಪಕ್ಕದಲ್ಲಿ ನಾವಿಬ್ಬರೂ ಕೂರುತ್ತೇವೆ. ಊರಿನ ಸುದ್ದಿ ಎಲ್ಲ ಬರುವುದು ಆಗಲೇ, ಯಾರ ಮದುವೆ ನಿಂತಿತು, ಯಾರ ಬೋರ್‌ವೆಲ್ ಬತ್ತಿತು ಎಲ್ಲ. ‘ಹೇಗಿದ್ದೀಯವ್ವ?’ ಅಂತ ಎದುರು ಕೂತು ಕೇಳಿದರೆ ‘ಚೆಂದಾಗಿದೀನಿ’ ಅನ್ನುವುದರಲ್ಲಿ ಮುಗಿಯುತ್ತದೆ. ಕಾಳು ಹಿತುಕುವಾಗ ಮಂಡಿ ನೋವು ಎರಡು ತಿಂಗಳಿಂದ ಇದೆ ಅನ್ನುವುದು ತಾನಾಗಿ ಹೊರಗೆ ಬರುತ್ತದೆ. ಮಾವನಿಗೆ ನಮ್ಮ ಕುಂಡಗಳು. ನನ್ನ ಹೆಂಡತಿ ಬೇಕಂತಲೇ ಒಂದು ತಿಂಗಳು ಮಣ್ಣು ಬದಲಿಸದೆ ಬಿಟ್ಟಿರುತ್ತಾಳೆ. ಅವರು ಬಂದು ‘ಎಂಥ ಮಣ್ಣು ಇದು’ ಅಂತ ಬೈದು, ಎರಡು ದಿನ ಅದರಲ್ಲೇ ಮುಳುಗುತ್ತಾರೆ.

6. ಸುತ್ತಾಟ: ದಿನಕ್ಕೆ ಒಂದೇ ಜಾಗ

ಲಾಲ್‌ಬಾಗ್, ಇಸ್ಕಾನ್, ವಿಧಾನಸೌಧ, ಮಾಲು ಎಲ್ಲ ಒಂದೇ ದಿನ ತೋರಿಸಿ ಅತ್ತೆಯ ಕಾಲು ಊದಿಸಿದ್ದು ನಾನೇ. ಈಗ ಬೆಳಗ್ಗೆ ಒಂದು ಜಾಗ, ಹನ್ನೊಂದಕ್ಕೆ ಮನೆ. ಲಾಲ್‌ಬಾಗ್‌ಗೆ ಏಳು ಗಂಟೆಗೆ ಹೋಗಿ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆ ನೋಡಿ, ಬಂಡೆಯ ಮೇಲಿನ ಕೆಂಪೇಗೌಡರ ಗೋಪುರ ಕೆಳಗಿನಿಂದಲೇ ತೋರಿಸಿ, ಬಸವನಗುಡಿ ಕಡೆ ಹೋಗಿ ದೋಸೆ ತಿನ್ನಿ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಹೊತ್ತಿಗೆ ಅಲ್ಲಿ ಫಲಪುಷ್ಪ ಪ್ರದರ್ಶನ ಇರುತ್ತದೆ. ರಜೆಯ ದಿನ ಬಿಟ್ಟು ವಾರದ ನಡುವೆ ಹೋದರೆ ಹೂವು ಕಾಣುತ್ತದೆ. ಇಲ್ಲದಿದ್ದರೆ ಬರೀ ಜನರ ಬೆನ್ನು.

ಅವ್ವನಿಗೆ ಇಷ್ಟವಾದದ್ದು ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿ ಹತ್ತಿರ ನಡೆಯುವ ಕಡಲೆಕಾಯಿ ಪರಿಷೆ. ಪ್ರತಿ ಗುಡ್ಡೆಯ ಮುಂದೂ ನಿಂತು, ಒಂದು ಕಾಯಿ ಒಡೆದು ಬಾಯಿಗೆ ಹಾಕಿ, ಯಾವ ಊರಿನ ಬೆಳೆ ಅಂತ ಕೇಳಿ, ಏನೂ ಕೊಳ್ಳದೆ ಮುಂದೆ ಹೋಗುತ್ತಾಳೆ. ಹಾಗೆ ಅರ್ಧ ಕೆಜಿ ಪುಕ್ಕಟೆ ತಿಂದಿರುತ್ತಾಳೆ. ಮಾವನಿಗೆ ಮೆಟ್ರೋ. ಹಸಿರು ಮಾರ್ಗದಲ್ಲಿ ಕಿಟಕಿ ಪಕ್ಕ ಕೂರಿಸಿದರೆ ಬೇರೆ ಪ್ರವಾಸ ಬೇಡ. ನೀವಿಬ್ಬರೂ ಆಫೀಸಿಗೆ ಹೋಗುವ ದಿನಗಳಲ್ಲಿ ಹತ್ತಿರದ ಪಾರ್ಕು ಮತ್ತು ಗುಡಿಯ ದಾರಿ ತೋರಿಸಿದ್ದರೆ ಸಾಕು.

7. ನಿಮ್ಮಿಬ್ಬರ ಅರ್ಧ ಗಂಟೆ

ಮನೆ ತುಂಬ ಜನ ಇದ್ದಾಗ ಗಂಡ ಹೆಂಡತಿ ಮಾತಾಡುವುದೇ ನಿಂತುಹೋಗುತ್ತದೆ. ಬರೀ ‘ಗ್ಯಾಸ್ ಬಂತಾ’, ‘ತರಕಾರಿ ತಂದ್ಯಾ’. ನಮ್ಮ ಉಪಾಯ ಹಾಲಿನದು. ರಾತ್ರಿ ಎಂಟೂವರೆಗೆ ‘ನಾಳೆಗೆ ಹಾಲು ತರ್ತೀವಿ’ ಅಂತ ಇಬ್ಬರೂ ಹೊರಡುತ್ತೇವೆ. ಅರ್ಧ ಲೀಟರ್ ನಂದಿನಿ ಪ್ಯಾಕೆಟ್ ಎತ್ತಲು ಇಬ್ಬರು ಯಾಕೆ ಅಂತ ಯಾರೂ ಇವತ್ತಿನವರೆಗೆ ಕೇಳಿಲ್ಲ. ಬೇಕರಿ ಮುಂದೆ ನಿಂತು ಒಂದು ಖಾರ ಬನ್ನನ್ನೋ ದಿಲ್‌ಪಸಂದನ್ನೋ ಅರ್ಧ ಅರ್ಧ ತಿಂದು, ಅವತ್ತಿನ ಸಿಟ್ಟೆಲ್ಲ ಅಲ್ಲೇ ಹೇಳಿಕೊಂಡು, ತಣ್ಣಗಾಗಿ ವಾಪಸ್ ಬರುತ್ತೇವೆ.

ಎರಡು ಕಟ್ಟುಪಾಡು. ನಿಮ್ಮ ತಾಯಿಗೆ ಏನಾದರೂ ಹೇಳಬೇಕಿದ್ದರೆ ನೀವೇ ಹೇಳಿ, ಹೆಂಡತಿಯ ಬಾಯಲ್ಲಿ ಹೇಳಿಸಬೇಡಿ. ಅವಳ ತಂದೆಯ ವಿಷಯ ಅವಳಿಗೆ ಬಿಡಿ. ಇನ್ನೊಂದು, ಜಗಳ ಬಂದರೆ ಪಿಸುಮಾತಿನಲ್ಲಿ ಆಡಬೇಡಿ. ಪಿಸುಮಾತು ಗೋಡೆ ದಾಟಿ ಜಾಸ್ತಿ ಕೇಳುತ್ತದೆ. ನಮ್ಮಲ್ಲಿ ಒಂದು ಗುರುತಿನ ಮಾತಿದೆ: ‘ಮೋಟಾರ್ ಆಫ್ ಮಾಡಿದ್ರಾ?’ ಅಂತ ಅವಳು ಕೇಳಿದರೆ, ಈ ವಿಷಯ ಈಗ ನಿಲ್ಲಿಸಿ, ರಾತ್ರಿ ಬೇಕರಿ ಹತ್ತಿರ ಮಾತಾಡೋಣ ಅಂತ. ಅವ್ವ ಪಾಪ, ಎರಡು ಸಲ ಎದ್ದು ಹೋಗಿ ಸ್ವಿಚ್ ನೋಡಿ ಬಂದಿದ್ದಾಳೆ.

8. ದುಡ್ಡು

ಕೈಗೆ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಮಾತ್ರೆ ಡಬ್ಬಿಯ ಕೆಳಗೆ ಇಡಿ. ಅವರು ನಿಮ್ಮ ದೇವರ ಮನೆಯಲ್ಲಿ ಇಟ್ಟು ಹೋಗಿರುತ್ತಾರೆ, ಅದನ್ನೂ ನೋಡಿಕೊಳ್ಳಿ.

9. ಹೊರಡುವ ದಿನ

ಅವರು ತಂದ ಗಂಟಿನ ಲೆಕ್ಕ ಮೊದಲು. ಅವ್ವ ತರುವ ಇಪ್ಪತ್ತು ತೆಂಗಿನಕಾಯಿ ನಾವಿಬ್ಬರು ಖಾಲಿ ಮಾಡುವುದು ಯಾವ ಕಾಲಕ್ಕೆ? ಜುಟ್ಟು ಕೀಳದೆ ಇಟ್ಟರೆ ಹೆಚ್ಚು ದಿನ ಇರುತ್ತವೆ. ನಾಲ್ಕೈದು ಒಡೆದು ತುರಿದು ಫ್ರೀಜರಿಗೆ ಹಾಕಿ. ಉಳಿದದ್ದರಲ್ಲಿ ಅರ್ಧ, ಅವರು ಇರುವಾಗಲೇ, ಅವರ ಕೈಯಿಂದಲೇ ಅಕ್ಕಪಕ್ಕದ ಮನೆಗೆ ಕೊಡಿಸಿ. ನೀವು ಆಮೇಲೆ ಹಂಚಿದರೆ ‘ತಂದದ್ದು ಬೇಡವಾಯ್ತು’ ಅನ್ನುವ ಮಾತು ಬರಬಹುದು.

ರಾತ್ರಿ ರೈಲಿಗೆ ಬುತ್ತಿ ಅಂದರೆ ಚಪಾತಿ ಪಲ್ಯ ಮತ್ತು ಮೊಸರನ್ನ. ಅನ್ನವನ್ನು ಚೆನ್ನಾಗಿ ಹಿಸುಕಿ, ಕಾಸಿ ಆರಿಸಿದ ಹಾಲು ಜಾಸ್ತಿ, ಮೊಸರು ಬರೀ ಒಂದೆರಡು ಚಮಚ ಹಾಕಿ ಕಲಸಿ. ತಿನ್ನುವ ಹೊತ್ತಿಗೆ ಹದವಾಗಿ ಹುಳಿ ಬಂದಿರುತ್ತದೆ. ಹೆಂಗಸರಿಗೆ ಅರಿಶಿನ ಕುಂಕುಮ, ಎಲೆ ಅಡಿಕೆ, ಬ್ಲೌಸ್ ಪೀಸ್ ಮರೆಯಬೇಡಿ. ನಿಲ್ದಾಣಕ್ಕೆ ಒಂದು ಗಂಟೆ ಮುಂಚೆ ಹೊರಡೋಣ ಅಂತ ನೀವು ಅಂದರೆ ಅವರು ಮೂರು ಗಂಟೆ ಮುಂಚೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿರುತ್ತಾರೆ. ವಾದ ಮಾಡಬೇಡಿ, ಹೊರಡಿ. ಪ್ಲಾಟ್‌ಫಾರ್ಮಿನಲ್ಲಿ ಕೂತು ಆಡುವ ಮಾತೂ ಚೆನ್ನಾಗಿಯೇ ಇರುತ್ತದೆ.

ಬೆಳಗ್ಗೆ ಹಾಲು ಹಾಕುವ ಹುಡುಗನಿಗೆ ‘ನಾಳೆಯಿಂದ ಮೊದಲಿನಷ್ಟೇ’ ಅಂತ ಹೇಳುವುದನ್ನು ಹಿಂದಿನ ದಿನವೇ ನೆನಪಿಡಿ. ನಾವು ಪ್ರತಿ ಸಲ ಮರೆಯುತ್ತೇವೆ. ಅವರನ್ನು ರೈಲು ಹತ್ತಿಸಿ ಬಂದ ಮರುದಿನ ಬಾಗಿಲು ತೆಗೆದರೆ ಎರಡು ಪ್ಯಾಕೆಟ್ ಜಾಸ್ತಿ. ಅವತ್ತು ಸಂಜೆ ನಮ್ಮ ಮನೆಯಲ್ಲಿ ಶ್ಯಾವಿಗೆ ಪಾಯಸ.